ಮೂವತ್ತು ಮೀಟರ್

ಮೋರ್ವೆನ್ ಹನ್ನೊಂದನೆಯ ಸಲ ಸೋತಳು.
ಬ್ರೆಡ್ಡಿನ ವ್ಯಾನು ಅವಳನ್ನು ಕನ್ನಡಿಯಲ್ಲಿ ಕಂಡುಬಿಟ್ಟಿತು.
ಪರದೆ ಬೂದಿಯಾಗಿ, ಮತ್ತೆ ಅದೇ ಹಡಗುಕಟ್ಟೆ,
ಹಗ್ಗದ ಸುರುಳಿಯ ಮೇಲೆ ಕೂತ ಅದೇ ಮುದುಕ, ಅದೇ ಕೆಮ್ಮು:
"ತುಂಬ ಹತ್ತಿರ ಹೋಗಬೇಡ ಮಗಾ,
ತುಂಬ ದೂರವೂ ಉಳೀಬೇಡ."
ಆ ಮಾತನ್ನು ಹಾರಿಸುವ ಗುಂಡಿಯಿಲ್ಲ.

ಡಂಡೀ ಊರಿನ ಮೂರನೆಯ ಮಹಡಿ. ಕಿಟಕಿಯಾಚೆ
ಟೇ ನದಿಯ ಮೇಲೆ ಸಮುದ್ರದ ಮಂಜು.
ಅಕ್ಕನ ಮಗಳಿಗೆ ಹದಿನಾಲ್ಕು. ಕಪಾಟಿನ ನೆತ್ತಿಯಿಂದ
ನನ್ನ ಹಳೆಯ ಯಂತ್ರ ಇಳಿಸಿ ಧೂಳು ಊದಿ
ಬೆಳಗಿನಿಂದ ಕೂತಿದ್ದಾಳೆ.
"ಜಿಗಿಯೋದಕ್ಕೂ ಕಾರಿನ ಬಾಗಿಲು ತೆಗೆಯೋದಕ್ಕೂ ಒಂದೇ ಗುಂಡಿಯಾ?
ಯಾವ ಕತ್ತೆ ಮಾಡಿದ್ದು ಇದನ್ನ?"

ನಾನು ಚಹಾ ಕಲಕುತ್ತಾ ನಿಂತೆ.
ಸಕ್ಕರೆ ಹಾಕಿರಲಿಲ್ಲ. ಆದರೂ ಕಲಕಿದೆ.

ಗುಂಡಿ ಲಾಕ್ಲನ್‌ನದು. ವ್ಯಾನು ನನ್ನದು.
ಸೆಣಬಿನ ಹಳೆ ಗಿರಣಿಯಲ್ಲಿ ಹನ್ನೆರಡು ಜನ, ಒಂದು ಕೆಟಲು,
ತುಂಬಿದ ಚೀಲಕ್ಕೆ ಮೊಣಕಾಲೂರಿ ಬಾಯಿ ಕಟ್ಟುವ ಹಾಗೆ
ಒಂದು ಡಿಸ್ಕಿನೊಳಗೆ ಇಡೀ ನಗರ ತುರುಕುತ್ತಿದ್ದೆವು.

ಸೇತುವೆ ಯಾಕಿಷ್ಟು ಉದ್ದ ಎನ್ನುತ್ತಾಳೆ.
ಆಚೆ ದಡದ ಬೀದಿಗಳು ಎದ್ದು ಬಟ್ಟೆ ತೊಡಲು
ನಲವತ್ತು ಸೆಕೆಂಡು ಬೇಕಿತ್ತು, ಅದಕ್ಕೆ.
ಮಂಜು ಯಾಕೆ ಎನ್ನುತ್ತಾಳೆ.
ಮಂಜಿನ ಹಿಂದೆ ಏನೂ ಇರಲಿಲ್ಲ, ಅದಕ್ಕೆ.
ಈ ಕಿಟಕಿಯ ಮಂಜಿನ ಹಿಂದೆ ಫೈಫ್ ಇದೆ,
ಆಲೂಗಡ್ಡೆ ಹೊಲಗಳಿವೆ, ಯಾರದೋ ನಾಯಿ ಬೊಗಳುತ್ತದೆ;
ಅದರ ಮಂಜು ಬಡವರ ಮನೆಯ ಪರದೆ,
ಸರಿಸಿದರೆ ಗೋಡೆ.

ತಿರುವು ಬಂದರೆ ಕ್ಯಾಮೆರಾ ಮೂಲೆಗೆ ಮುಖ ಮಾಡಿ ನಿಲ್ಲುತ್ತದೆ
ಮೇಷ್ಟ್ರು ಶಿಕ್ಷೆ ಕೊಟ್ಟ ಹುಡುಗನಂತೆ.
ಅವಳು ಕುರುಡಾಗಿ ಓಡಿಸುತ್ತಾಳೆ.
ಮಧ್ಯೆ ಎಲ್ಲೂ ಉಳಿಸಿಕೊಳ್ಳುವ ಜಾಗವಿಲ್ಲ.
ಎಡವಿದಲ್ಲಿಂದ ಏಳಗೊಡುವುದಿಲ್ಲ ನಮ್ಮ ಊರು,
ತೊಟ್ಟಿಲಿನಿಂದಲೇ ಮತ್ತೆ ಶುರು.

ಮೊದಲು ನಲವತ್ತು ಮೀಟರ್ ಎಂದು ಬರೆದಿದ್ದೆ.
ಪರೀಕ್ಷೆಯ ಹುಡುಗ "ಸುಲಭ" ಎಂದ.
ಆ ಕೋಣೆಯಲ್ಲಿ ಅದು ಬೈಗುಳ.
ರಾತ್ರಿ ಎರಡೂವರೆಗೆ ಹತ್ತು ಕಳೆದೆ,
ಕೋಟು ಹೊದ್ದು ಮೇಜಿನಡಿ ಮಲಗಿದೆ.
ಆಮೇಲೆ ಅದನ್ನು ಯಾರೂ ಪೂರ್ತಿ ಆಡಲಿಲ್ಲ.
ನಮ್ಮ ಬಳಿ ಗೆಲ್ಲಿಸುವ ಗುಟ್ಟಿನ ಗುಂಡಿಯಿತ್ತು.

ಹನ್ನೆರಡನೆಯ ಸಲ ಮೋರ್ವೆನ್ ಬೆನ್ನಟ್ಟಲೇ ಇಲ್ಲ.
ವ್ಯಾನು ಎಲ್ಲಿಗೆ ಹೋಗುತ್ತದೆಂದು ಈಗ ಅವಳಿಗೆ ಬಾಯಿಪಾಠ;
ಮೀನುಪೇಟೆಯ ಸಂದಿಯಲ್ಲಿ ನುಗ್ಗಿ, ಎರಡು ದೀಪಗಂಬ ಉರುಳಿಸಿ
ಬೇಕರಿಯ ಹಿತ್ತಲಲ್ಲಿ ಮೊದಲೇ ಹೋಗಿ ಕಾದು ನಿಂತಳು.
ವ್ಯಾನು ಬಂತು. ಅವಳ ಮೂಗಿನೆದುರೇ ನಿಂತಿತು.
ಪರದೆ ಹೇಳಿತು: ವ್ಯಾನು ಕೈತಪ್ಪಿತು.

"ಇಲ್ಲೇ ಇದೀಯಲ್ಲೋ!" ಎಂದು ಕಿರುಚಿದಳು ವ್ಯಾನಿಗೆ.

ನನಗೆ ಹೊಳೆದೇ ಇರಲಿಲ್ಲ
ಬ್ರೆಡ್ಡು ಎಲ್ಲಿಗೆ ಹೋಗುತ್ತದೆಂದು
ಯಾರಿಗಾದರೂ ಮೊದಲೇ ಗೊತ್ತಿರಬಹುದೆಂದು.

"ಆ ಕತ್ತೆ ನಾನೇ," ಎಂದೆ.

ನಗಲಿಲ್ಲ, ಬೈಯಲಿಲ್ಲ. ಕಂಟ್ರೋಲರ್ ನನ್ನ ಮಡಿಲಿಗೆ ಹಾಕಿ
ಸೋಫಾದಲ್ಲಿ ಜಾಗ ಬಿಟ್ಟು ಸರಿದು ಕೂತಳು.
ಹದಿನಾರು ವರ್ಷದಿಂದ ಊರಲ್ಲಿ ಬಸ್ಸು ಓಡಿಸುತ್ತೇನೆ.
ಹತ್ತುವವರು ಓಡಿ ಬರುವುದು ಕಂಡರೆ ನಿಲ್ಲಿಸುತ್ತೇನೆ,
ಅದನ್ನು ಯಾರೂ ನನಗೆ ಲೆಕ್ಕದಲ್ಲಿ ಹೇಳಿಕೊಟ್ಟಿಲ್ಲ.
ಇಲ್ಲಿ ಮೊದಲ ವೃತ್ತದಲ್ಲೇ, ಹತ್ತಲು ಹೋಗಿ ಜಿಗಿದೆ.

ಬೂದಿ. ಹಡಗುಕಟ್ಟೆ. ಮುದುಕ ಕೆಮ್ಮಿದ.
ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು.
"ಮಾವ, ಈ ದನಿ..."

ನಟನಿಗೆ ಕೊಡಲು ದುಡ್ಡಿರಲಿಲ್ಲ.
ಕೋಟುಗಳ ಕಪಾಟಿನೊಳಗೆ ಮೈಕು ಹಿಡಿದು ಕೂತು
ಇಪ್ಪತ್ತೊಂಬತ್ತರಲ್ಲಿ ಮುದುಕನಾಗಿದ್ದೆ. ಕೆಮ್ಮು ನಿಜದ್ದು,
ಆ ವಾರ ಜ್ವರ.
ಈಗ ದನಿ ಬದಲಿಸಬೇಕಾಗಿಲ್ಲ.

"ತುಂಬ ಹತ್ತಿರ ಹೋಗಬೇಡ ಮಗಾ,"
ನಾವಿಬ್ಬರೂ ಸುಮ್ಮನೆ ಕೇಳಿದೆವು, ಕೊನೆಯವರೆಗೆ.
"ಹದಿಮೂರು," ಎಂದಳು ಮೋರ್ವೆನ್.