ನಾಲ್ಕು ಬೆರಳು

ರಾತ್ರಿ ಹತ್ತಕ್ಕ
ಗಾಲಿಗೂ ಮಡ್‌ಗಾರ್ಡಿಗೂ ನಡುವ ನಾಲ್ಕು ಬೆರಳು.
ಸುಣ್ಣದ ಕಡ್ಡೀಲೆ ನೆಲದ ಮ್ಯಾಲೆ ಬರದಿಟ್ಟೆ.
ಉದ್ಯಮಬಾಗದ ಲೇಥುಗಳೆಲ್ಲ ಮಲಗಿದ್ದವು,
ಫೌಂಡ್ರಿಯ ಮಸಿವಾಸನಿ ಒಂದಽ ಎಚ್ಚರ.

ಎರಡಕ್ಕ ಮೂರು ಬೆರಳು, ಮ್ಯಾಲೊಂದು ಉಗುರು.
ಆಮ್ಯಾಲೆ, ಕೀಲಿ ನನ್ನ ಕಿಸೆದಾಗ ಇದ್ದಂಗಽ,
ಗಾಡಿ ತಾನಾಗೇ ಉಸ್ಸಂತು.
ಇನ್ನಷ್ಟು ಕೂತ್ತು.
ಎದಿ ಧಸಕ್ಕಂತು ನನಗ.

ಮುಂಜಾನೆ ಹಲಗೇಕರ ಮೇಸ್ತ್ರಿ
ಟಪ್ಪಿನ ಮ್ಯಾಲೆ ಚಾದ ಗ್ಲಾಸು ಇಟ್ಟ.
"ನೋಡು, ಚಾ ವಾಲಿಲ್ಲ.
ನಾಲ್ಕೂ ಕೂತಾವಂದ್ರ ನಾಲ್ಕೂ ಸೋರತಾವಂತಲ್ಲ.
ಸೋರೂದು ಒಂದಽ. ಅದು ಇಳದಷ್ಟು
ಉಳದ ಮೂರೂ ತಾವಽ ಗಾಳಿ ಬಿಡತಾವ,
ಗಾಡಿ ವಾಲಬಾರದಂತ."

ಸಬಕಾರದ ನೀರು ಬಳಕೋತ ಹೋದೆ.
ಮೂರು ಮೂಲಿ ಸುಮ್ಮನ.
ಎಡಗಡೆ ಹಿಂದಿಂದು, ರಬ್ಬರಿನ ಮಡಿಕಿಯೊಳಗ,
ಜ್ವಾಳದ ಕಾಳಿನಷ್ಟು ಗುಳ್ಳಿ
ಎದ್ದಿತು, ಒಡೀತು, ಮತ್ತ ಎದ್ದಿತು.

ಹೊಸಾ ಬ್ಯಾಗು ಕೂಡಿಸಿದ ಮ್ಯಾಲೆ
"ಡಿಕ್ಕಿಯೊಳಗ ಕುಂದರು" ಅಂದ.
ಕೂತೆ.
ಗಾಡಿ ಮೊದಲ ಕುಸೀತು,
ಒಂದು ಗಳಿಗಿ ವಿಚಾರ ಮಾಡಿತು,
ಒಳಗ ಎಲ್ಲೋ ಪಂಪು ಗುರ್ ಅಂದು
ಸಾವಕಾಶ ಎತ್ತಿತು ನನ್ನ.

ಐವತ್ತೆರಡು ಕಿಲೋ ನಾನು.
ಅಷ್ಟೂ ಅದಕ್ಕ ಗೊತ್ತಾಗಿತ್ತು.