ಕಲ್ಲಿನ ಬೆನ್ನಿಗೆ ಬಂದದ್ದು

ಮುಂಜಾನಿಂದ ಅರವತ್ತು ಮಂದಿ ತೋಳು ಕಟ್ಟಿ
ನರ ಹುಡುಕಿ ರಕ್ತ ತಗದು
ಲ್ಯಾಬಿನ ಷಟರ್ ಎಳದು ಬಂದೀನಿ.
ಮನ್ಯಾಗ ಇನ್ನೊಂದು ಸೂಜಿ ಕಾಯ್ತದ.

ವಿಜಯಪುರ, ಶಹಾಪೇಟಿ ಓಣಿ, ಮ್ಯಾಲಿನ ಮಾಳಗಿ.
ನಾಕು ಫೂಟಿನ ಗಾಜಿನೊಳಗ ಸಮುದ್ರ.
ಕೃಷ್ಣಾ ನೀರು ಸೋಸಿ, ಉಪ್ಪು ತೂಗಿ
ನಾನ ಕಲಸಿದ್ದು.
ಡೋಣಿ ನೀರು ತಂದ್ರ ಉಪ್ಪಿನ ಖರ್ಚು ಉಳೀತಿತ್ತಲ್ಲೋ
ಅಂತಾನ ಕಂಪೌಂಡರ್ ಗುರುಪಾದ, ತಾನ ನಗ್ತಾನ.

ಮುಂಬಯಿಯಿಂದ ರಾತ್ರಿ ಬಸ್ಸಿನ ಡಿಕ್ಕ್ಯಾಗ
ಥರ್ಮಾಕೋಲ್ ಪೆಟಗಿ. ಒಳಗೊಂದು ಹವಳದ ಕಲ್ಲು.
ಆ ಕಲ್ಲಿನ ಬೆನ್ನಿಗೆ, ತಿಕೀಟಿಲ್ದ,
ಉಗುರಿನಷ್ಟು ಕಂದು ಹೂವು.

ಮೊದಲ ಸಲ ಕಂಡಾಗ ಖುಷಿ ಆಗಿದ್ದೆ,
ಪುಕಟ ಬಂತಂತ.

ತಿಂಗಳಿಗೆ ಹದಿನೇಳು.
ಹವಳಕ್ಕ ಬಳ್ಳು ತಾಗಿಸಿ ಸುಡತಾವ.
ಕಿತ್ತರ, ಹರಿದ ಚೂರು ಚೂರಿಗೂ ಬಾಯಿ ಮೂಡತದ
ಎರಿ ಹೊಲದ ಜೇಕಿನಂಗ.
ನಾಕು ಸೀಗಡಿ ತರಿಸಿದೆ, ಇದನ್ನ ತಿಂತಾವಂತ.
ಮೀನಿನ ಕಾಳು ತಿಂದು
ಹೂವಿಗೆ ಬೆನ್ನು ಮಾಡಿ ಕುಂತವು.
ನೆಳ್ಳು ಬಿದ್ರ ಸಾಕು, ಸರ್ರನ ತೂತಿನೊಳಗ.
ಅರವತ್ತು ಮಂದಿ ನರ ಸಿಕ್ಕ ಕೈಗೆ
ಇದರ ಬಾಯಿ ಸಿಗವಲ್ದು.

ಕೆಳಗಿನ ಮನಿ ಚಾಂದಬಿ ಖಾಲಾ
ಎಲಿಡಬ್ಬಿಯಿಂದ ಸುಣ್ಣ ಕೊಟ್ಳು.
"ಯಾರಿಗೋ?"
"ಹೂವಿಗೆ ಖಾಲಾ. ಸಾಯಲಿ ಅಂತ."
ಮೆಟ್ಟಲಾ ಹತ್ತಿ ಬಂದ್ಳು ನೋಡ್ಲಾಕ,
ಮೊಣಕಾಲು ಹಿಡಕೋತ.

ಪಂಪು ಬಂದ್ ಮಾಡಿದೆ. ನೀರು ನಿಂತಿತು.
ಇನ್ಸುಲಿನ್ ಸೂಜ್ಯಾಗ ಸುಣ್ಣದ ತಿಳಿ ಗಂಜಿ,
ಉಸಿರು ಹಿಡಿದು, ಒಂದ ಹನಿ.
ಊಟ ಅಂತ ನುಂಗಿತು.
ಬಳ್ಳೆಲ್ಲಾ ಒಳಗ ಎಳಕೊಂಡು
ಬೆಳ್ಳಗ ಮುದ್ದಿ ಆತು.

ಖಾಲಾ ಎಲಿ ಅಗಿಯೂದು ಬಿಟ್ಟು ನಿಂತಿದ್ಳು.
"ಇದನ್ನ ನೀ ಕರದಿಲ್ಲ, ಖರೆ.
ಉಳದವು, ರೊಕ್ಕ ಕೊಟ್ಟು ತಂದವು,
ಅವರ ಬರ್ತೀವಿ ಅಂದಿದ್ವೇನು?"

ನಾ ಸೂಜಿ ತೊಳೀತಿದ್ದೆ.
ಹದಿನಾರು ಇನ್ನೂ ಉಳದಿದ್ವು.

ಇವತ್ತು ಐತವಾರ. ಪಂಪಿನ ಹಿಂದ
ಕೂದಲೆಳಿಯಂಥಾದ್ದೊಂದು ಹೊಸದು, ಅದರಾಚೆ ನೀರು ಕಾಣ್ತದ.
ಸುಣ್ಣ ಕೇಳಲಾಕ ಕೆಳಗ ಇಳೀಲಿಲ್ಲ.
ಇಂಡಿ ನಿಂಬಿಹಣ್ಣು ಹೆಚ್ಚೀನಿ:
ಅರ್ಧ ಅವಲಕ್ಕಿಗೆ,
ಅರ್ಧ ಸೂಜಿಗೆ.