ಎಡಗಡೆಯ ತೋಳು

ಬಾಡಿ ಎತ್ತಿ ಆಚೆ ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿದ್ದೇವೆ.
ಉಳಿದದ್ದು ಚಾಸಿ: ಮೀನು ತಿಂದಾದ ಮೇಲೆ
ತಟ್ಟೆಯಲ್ಲಿ ಉಳಿಯುವ ನಡುಮುಳ್ಳು.
ಡಾಕ್ಟರ್ ತಳೇಕರರ ಹೆರಾಲ್ಡ್. ಮಗಳು ಉಜ್ವಲಾ
ಲಾರಿಯ ಮೇಲೆ ಹೇರಿಸಿ ತಂದು
"ಓಡಬೇಕು ಪುರ್ಸೊ, ಬರೀ ಹೊಳೆದರೆ ಸಾಲದು" ಅಂದಳು.

ಮೊದಲು ಸುತ್ತಿಗೆ. ಹೊಡೆಯುವುದಕ್ಕಲ್ಲ, ಕೇಳುವುದಕ್ಕೆ.
ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ,
ಹುಳುಕು ಕಬ್ಬಿಣ ಡಬ್ ಎಂದು ಸುಮ್ಮನಾಗುತ್ತದೆ,
ಸಾಲ ಕೇಳಲು ಹೋದಾಗ ನೆಂಟರು ಸುಮ್ಮನಾಗುವಂತೆ.

ಆಮೇಲೆ ಗ್ರೈಂಡರಿಗೆ ತಂತಿಬ್ರಷ್ಷು.
ತುಕ್ಕು ಹಪ್ಪಳ ಹಪ್ಪಳವಾಗಿ ಏಳುತ್ತದೆ.
ಮೂಗಿಗೆ ಕಟ್ಟಿದ ಪಂಚೆಯ ತುಂಡು ಕೆಂಪು,
ಉಗುಳಿದರೆ ಉಗುಳೂ ಕೆಂಪು.
ಬೈತಖೋಲದ ಧಕ್ಕೆಯಲ್ಲಿ ಹಡಗಿಗೆ ಕಾಯುತ್ತಿದ್ದ
ಅದಿರಿನ ಗುಡ್ಡೆಗೂ ಇದೇ ಬಣ್ಣವಿತ್ತು.
ಕಬ್ಬಿಣಕ್ಕೆ ಊರ ನೆನಪು ಬಂದರೆ ಹೀಗೇ,
ಯಾರ ಮಾತೂ ಕೇಳುವುದಿಲ್ಲ.

ಸೇತುವೆ ಆಗುವ ಮೊದಲು ಈ ಗಾಡಿ
ಬಾರ್ಜಿನ ಮೇಲೆ ಕಾಳಿ ದಾಟುತ್ತಿತ್ತು.
ಸದಾಶಿವಗಡದಲ್ಲಿ ಹೆರಿಗೆ, ಚಿತ್ತಾಕುಲದಲ್ಲಿ ಹಾವು ಕಡಿತ,
ಭರತದ ಉಪ್ಪುನೀರು ಚಾಸಿಯ ಹೊಟ್ಟೆಗೆ ರಾಚುತ್ತಿತ್ತು.
"ಒಳಗೆ ಹೋದ ನೀರಿಗೆ ಹೊರಗಿನ ಬಣ್ಣ ಏನು ಮಾಡೀತು?"
ಅನ್ನುತ್ತಿದ್ದ ನನ್ನ ಗುರು, ಇನಾಸ ಮೇಸ್ತ.

ಎಡಗಡೆಯ ಹಿಂದಿನ ತೋಳು.
ಸುತ್ತಿಗೆ ಅಲ್ಲಿ ಟಣ್ ಎನ್ನಲಿಲ್ಲ, ಡಬ್ ಎನ್ನಲಿಲ್ಲ.
ಟೊಕ್ ಎಂದಿತು. ಕಲ್ಲು.
ಬ್ರಷ್ಷು ಹಿಡಿಯುವ ಮೊದಲೇ ಗೊತ್ತಾಗಿತ್ತು.

ಡಾಂಬರು ಸುಲಿದೆ. ನಾರು. ನಾರಿನೊಳಗೆ ಸಿಮೆಂಟು.
ತಗಡು ತರಲು ಇನಾಸ ಕೊಟ್ಟ ಅರವತ್ತು ರೂಪಾಯಿಗೆ
ಮಡಗಾಂವದಿಂದ ಬೂಟು ತಂದಿದ್ದೆ, ಹದಿನೇಳರ ನಾನು.
ಮೇಸ್ತನಿಗೆ ಜ್ವರ, ಗಾಡಿ ಸಂಜೆಗೇ ಬೇಕು.
ತುಂಬಿ, ಒತ್ತಿ, ಕರಿ ಬಣ್ಣ ಬಳಿದು
"ಆಯ್ತು ಡಾಕ್ಟ್ರೇ" ಅಂದಿದ್ದೆ.
ಬೂಟಿನ ಅಟ್ಟೆ ಚೌತಿಯೊಳಗೇ ಕಿತ್ತುಬಂತು.
ಸಿಮೆಂಟು ಬಿಡಲಿಲ್ಲ; ತೇವ ಹಿಡಿದಿಟ್ಟುಕೊಂಡು
ಸುತ್ತಲಿನ ಕಬ್ಬಿಣವನ್ನು ನಿಧಾನ ತಿಂದಿತು.

ಕಟರ್ ಹಾಕಿ ಉಂಡೆ ತೆಗೆದೆ.
ಮೇಲೊಂದು ಹೆಬ್ಬೆಟ್ಟು.
ಗೆರೆ ಗೆರೆ, ಸುಳಿ ಸುಳಿ, ಈಗಷ್ಟೇ ಒತ್ತಿದ ಹಾಗೆ.
ರೇಷನ್ ಅಂಗಡಿಯ ಯಂತ್ರಕ್ಕೆ ನನ್ನ ಬೆರಳು ಸಿಗುವುದಿಲ್ಲ,
ನಲವತ್ತು ವರ್ಷದ ಎಮರಿ ಕಾಗದ ಎಲ್ಲ ಉಜ್ಜಿಬಿಟ್ಟಿದೆ.
ತಿಂಗಳು ತಿಂಗಳೂ ಒರೆಸಿ ಒತ್ತಿ, ಒರೆಸಿ ಒತ್ತಿ,
ಕೊನೆಗೆ ಹೆಂಡತಿಯ ಬೆರಳಿಗೆ ಅಕ್ಕಿ ಬರುತ್ತದೆ.
ಇಲ್ಲಿದ್ದೇನೆ ನೋಡಿ, ಪೂರ್ತಿ.

"ಎಂತದು ಅದು?" ಉಜ್ವಲಾ ಬಗ್ಗಿದಳು.
"ಹಳೇ ರಿಪೇರಿ. ಯಾರೋ ಹುಡುಗ. ಕಲೀತಿದ್ದ."
ಅವಳು ಉಂಡೆಯನ್ನು ಕೈಯಲ್ಲಿ ತೂಗಿ ನೋಡಿದಳು.
"ಅದಕ್ಕೇ ಇರಬೇಕು. ಆ ಮೂಲೆಯ ಸೀಟಿನಲ್ಲಿ
ಅಪ್ಪ ನಮ್ಮನ್ನು ಕೂರಿಸುತ್ತಲೇ ಇರಲಿಲ್ಲ.
ಅದು ಔಷಧದ ಪೆಟ್ಟಿಗೆಗೆ ಅಂತಿದ್ದರು."

ಆಮೇಲೂ ವರ್ಷಕ್ಕೆರಡು ಸಲ
ಗಾಡಿ ನನ್ನ ಹತ್ತಿರವೇ ಬರುತ್ತಿತ್ತು.
"ಪುರ್ಸೊ, ಚೆನ್ನಾಗಿ ನೋಡು" ಅನ್ನುತ್ತಿದ್ದರು.
ನಾನು ಬ್ರೇಕು ನೋಡುತ್ತಿದ್ದೆ.

ಮೂರು ಗಂಟೆಗೆ ಕಡಲ ಗಾಳಿ ಏಳುತ್ತದೆ.
ಬೆತ್ತಲೆ ಕಬ್ಬಿಣ ಅದರೆದುರು ನಿಲ್ಲದು,
ಕಣ್ಣ ಮುಂದೆಯೇ ಕೇಸರಿ ಬೆವರುತ್ತದೆ.
ಬೇಗ ಬೇಗ ಹೊಸ ತಗಡು ಕೂಡಿಸಿದೆ,
ಬೆಸುಗೆಯ ಸಾಲನ್ನು ಉಜ್ಜಿ ನುಣುಪು ಮಾಡಲಿಲ್ಲ.
ಆಸಿಡ್ ಬಳಿದೆ, ಕಪ್ಪಾಯಿತು.
ಈ ಬದಿಯ ಬಾವಿ ಉಪ್ಪು; ಸಿಹಿನೀರು ಕೊಡದಲ್ಲಿ ತರಿಸಿ ತೊಳೆದೆ,
ಥಿನ್ನರಿನಲ್ಲಿ ಒರೆಸಿದೆ. ರೆಡ್ ಆಕ್ಸೈಡ್, ಎರಡು ಕೈ.
ಅಡಿಯಲ್ಲಿ ನೀರು ಹೋಗಲು ಒಂದು ತೂತು.

ಬಿಲ್ಲಿನಲ್ಲಿ "ತಗಡು, ಒಂದು" ಎಂದು ಬರೆದು
ಮುಂದೆ ಗೀಟು ಎಳೆದೆ.
"ಇದರ ದುಡ್ಡು?"
"ಬಂದಿದೆ" ಅಂದೆ.